ಟಿವಿ ಆಫ್ ಮಾಡಿದರೆ ನಾನು ಕಲ್ಲು ಮನಸ್ಸಿನವಳಾ?

ಪ್ರಶ್ನೆ: ಮೇಡಂ, ನಾನು ದಾವಣಗೆರೆಯ ನಿಟ್ಟುವಳ್ಳಿಯಲ್ಲಿರುವ ಗೃಹಿಣಿ, ವಯಸ್ಸು 43. ಮೂರು ವಾರದ ಹಿಂದೆ ಬೇರೆ ಜಿಲ್ಲೆಯಲ್ಲಿ ಕಾಲೇಜು ಹುಡುಗಿಯೊಬ್ಬಳನ್ನು ಅವಳ ಪರಿಚಯದ ಹುಡುಗನೇ ಹಾಡಹಗಲೇ ಕೊಂದ ಸುದ್ದಿ ಬಂತಲ್ಲ, ಅದರ ಸಿಸಿಟಿವಿ ವಿಡಿಯೋ ನಮ್ಮ ಓಣಿಯ ಹೆಂಗಸರ ವಾಟ್ಸಾಪ್ ಗ್ರೂಪಿಗೆ ಬಂತು. ನೋಡಬಾರದಿತ್ತು, ನೋಡಿದೆ. ಅವತ್ತಿನಿಂದ ಎದ್ದ ಕೂಡಲೇ ಟಿವಿ ಹಾಕುತ್ತೇನೆ, ಅದರ ಬಗ್ಗೆ ಹೊಸದೇನು ಬಂತು ಅಂತ ದಿನವೆಲ್ಲಾ ನೋಡುತ್ತೇನೆ. ಕಣ್ಣು ಮುಚ್ಚಿದರೆ ಅದೇ ಕಾಣುತ್ತದೆ. ಎಂಟು ವರ್ಷದ ಮಗ ಒಬ್ಬನೇ ಬಾತ್‌ರೂಮಿಗೆ ಹೋಗಲು ಹೆದರುತ್ತಿದ್ದಾನೆ. ಮಗಳು ಸೆಕೆಂಡ್ ಪಿಯುಸಿ. ಹೆದರಿಕೆಗೆ ಅವಳ ಸಂಜೆ ಟ್ಯೂಷನ್ ಬಿಡಿಸಿದೆ, ಈಗ ಅವಳು ನನ್ನ ಜೊತೆ ಮಾತೇ ಆಡುತ್ತಿಲ್ಲ. ಟಿವಿ ಆಫ್ ಮಾಡು ಅಂತ ಮನೆಯವರು ಬೈಯುತ್ತಾರೆ. ಆ ತಾಯಿ ಅಲ್ಲಿ ಎದೆ ಬಡಿದುಕೊಂಡು ಅಳುತ್ತಿರುವಾಗ ನಾನು ಟಿವಿ ಆಫ್ ಮಾಡಿ ಸಾರಿಗೆ ಒಗ್ಗರಣೆ ಹಾಕುತ್ತಾ ನಿಂತರೆ ನಾನು ಎಂಥ ಹೆಂಗಸು ಅನ್ನಿಸುತ್ತದೆ. ಏನು ಮಾಡಲಿ?

ಉತ್ತರ: ನಿಮ್ಮ ಕೊನೆಯ ಮಾತಿನಿಂದಲೇ ಶುರು ಮಾಡುತ್ತೇನೆ. ಎಂದೂ ಮುಖ ನೋಡದ ಒಂದು ಹುಡುಗಿಗೋಸ್ಕರ ನೀವು ಮೂರು ವಾರದಿಂದ ನಿದ್ದೆಗೆಟ್ಟಿದ್ದೀರಿ. ಇದು ಕಲ್ಲು ಮನಸ್ಸಲ್ಲ. ಇಂಥ ಸುದ್ದಿ ಕೇಳಿ ಕರುಳು ಚುರುಕ್ ಅನ್ನಲೇ ಇಲ್ಲ ಅಂತ ಬರೆದಿದ್ದರೆ ನನಗೆ ಜಾಸ್ತಿ ಯೋಚನೆ ಆಗುತ್ತಿತ್ತು. ಆದರೆ ಒಂದು ಮಾತು ಖಡಾಖಂಡಿತವಾಗಿ ಹೇಳಬೇಕು. ನೋಡುತ್ತಾ ಕೂರುವುದು ಬೇರೆ, ದುಃಖದಲ್ಲಿ ಭಾಗಿಯಾಗುವುದು ಬೇರೆ. ಟಿವಿ ಮುಂದೆ ಕೂತಾಗ ಎರಡೂ ಒಂದೇ ಅನ್ನಿಸಿಬಿಡುತ್ತದೆ.

ನಮ್ಮ ಕಡೆ ಸಾವಾದ ಮನೆಗೆ ಹೇಗೆ ಹೋಗುತ್ತೇವೆ, ನೆನಪು ಮಾಡಿಕೊಳ್ಳಿ. ಹೋಗುತ್ತೇವೆ, ಮುಖ ನೋಡುತ್ತೇವೆ, ಹೂವು ಹಾಕಿ ಪಕ್ಕಕ್ಕೆ ಸರಿಯುತ್ತೇವೆ. ಆ ಮನೆಯಲ್ಲಿ ಅವತ್ತು ಒಲೆ ಹಚ್ಚುವುದಿಲ್ಲ ಅಂತ ಅಕ್ಕಪಕ್ಕದವರು ಅನ್ನ ಸಾರು ಮಾಡಿ ತರುತ್ತಾರೆ, ಯಾರೋ ಒಬ್ಬರು ತಾಯಿಯ ಬೆನ್ನಿಗೆ ಕೈ ಇಟ್ಟು ಕೂರುತ್ತಾರೆ. ಹೊದಿಸಿದ ಬಟ್ಟೆ ಎತ್ತಿ ಗಾಯ ನೋಡುವವರು ಯಾರಾದರೂ ಇದ್ದಾರಾ? ಇದ್ದರೆ ಹಿರಿಯರು ಗದರಿ ಹೊರಗೆ ಕಳಿಸುತ್ತಾರೆ. ಆ ವಿಡಿಯೋ ನಿಮ್ಮಿಂದ ಮಾಡಿಸುತ್ತಿರುವುದು ಅದನ್ನೇ. ಮತ್ತೆ ಮತ್ತೆ ಬಟ್ಟೆ ಎತ್ತಿಸುತ್ತಿದೆ. ನೀವು ಎಷ್ಟು ಗಂಟೆ ನೋಡಿದಿರಿ ಅನ್ನುವುದು ಆ ತಾಯಿಗೆ ಗೊತ್ತೂ ಆಗುವುದಿಲ್ಲ, ಅದರಿಂದ ಅವರ ಭಾರ ಒಂದು ತೂಕ ಕಡಿಮೆಯೂ ಆಗುವುದಿಲ್ಲ. ಟಿವಿ ಆಫ್ ಮಾಡಿದರೆ ನೀವು ಆ ಹುಡುಗಿಯನ್ನು ಕೈಬಿಟ್ಟ ಹಾಗಲ್ಲ.

ಇನ್ನು ನಿಮ್ಮ ಮೈಯೊಳಗೆ ಏನಾಗುತ್ತಿದೆ ಅನ್ನುವುದನ್ನು ಹೇಳುತ್ತೇನೆ. ಕೊಲೆ ಆಗಿದ್ದು ಒಂದು ಸಲ. ಚಾನೆಲ್‌ನವರು ಹತ್ತು ಹನ್ನೆರಡು ಸೆಕೆಂಡಿನ ಆ ತುಣುಕನ್ನು ಕೆಂಪು ಗೆರೆ ಹಾಕಿ, ನಿಧಾನ ಮಾಡಿ, ಹಿಂದೆ ಸಂಗೀತ ಕೊಟ್ಟು ದಿನಕ್ಕೆ ನೂರು ಸಲ ತೋರಿಸುತ್ತಾರೆ. ಇದು ಹಳೆಯದು, ಆಗಿಹೋಗಿದ್ದು ಅಂತ ಬುದ್ಧಿಗೆ ಗೊತ್ತು. ಆದರೆ ಅಪಾಯ ಕಂಡಾಗ ಎಚ್ಚರಿಸುವ ಮೆದುಳಿನ ಭಾಗಕ್ಕೆ ಆ ಲೆಕ್ಕ ಇಲ್ಲ. ಅದು ಪ್ರತಿ ಸಲವೂ ಎದೆ ಡವಡವ ಅನ್ನಿಸುತ್ತದೆ, ಬೆವರಿಸುತ್ತದೆ, ನಿದ್ದೆ ಓಡಿಸುತ್ತದೆ. ಓಡಿಹೋಗಲಿ ಅಥವಾ ಎದುರಿಸಲಿ ಅಂತ ದೇಹ ಸಿದ್ಧವಾಗುತ್ತದೆ, ನೀವು ಮಾತ್ರ ಸೋಫಾ ಮೇಲೆ ಕೂತೇ ಇರುತ್ತೀರಿ. ಮೂರು ವಾರ ಹೀಗೆ ಆದರೆ ಯಾರೇ ಆದರೂ ಸುಸ್ತಾಗುತ್ತಾರೆ.

ಅಮೆರಿಕದ ಬಾಸ್ಟನ್‌ನಲ್ಲಿ 2013ರ ಏಪ್ರಿಲ್‌ನಲ್ಲಿ ಮ್ಯಾರಥಾನ್ ಓಟದ ವೇಳೆ ಬಾಂಬ್ ಸ್ಫೋಟ ಆಯಿತು. ಆಮೇಲೆ ನಡೆದು 2014ರಲ್ಲಿ ಪ್ರಕಟವಾದ ಒಂದು ಅಧ್ಯಯನವನ್ನು ನಾನು ಬಹಳ ಜನರಿಗೆ ಹೇಳುತ್ತಿರುತ್ತೇನೆ. ಸ್ಫೋಟದ ನಂತರದ ವಾರದಲ್ಲಿ ದಿನಕ್ಕೆ ಆರು ಗಂಟೆ ಅಥವಾ ಅದಕ್ಕಿಂತ ಜಾಸ್ತಿ ಹೊತ್ತು ಅದರ ಸುದ್ದಿ ನೋಡಿದವರಲ್ಲಿ ಒತ್ತಡದ ಲಕ್ಷಣಗಳು ಎಷ್ಟಿದ್ದವು ಅಂದರೆ, ಸ್ಫೋಟದ ಜಾಗದಲ್ಲೇ ಇದ್ದವರಿಗಿಂತ ಜಾಸ್ತಿ ಇದ್ದವು. ಹೊಗೆ ಕುಡಿದವರಿಗಿಂತ ಪರದೆ ನೋಡಿದವರು ಜಾಸ್ತಿ ನಡುಗಿದ್ದರು. ಹಾಗಾಗಿ "ಟಿವಿಯಲ್ಲಿ ನೋಡಿದ್ದಕ್ಕೆಲ್ಲಾ ಇಷ್ಟೊಂದಾ" ಅಂತ ಯಾರಾದರೂ ನಿಮ್ಮನ್ನು ಹಗುರ ಮಾಡಿದರೆ ತಲೆಗೆ ಹಾಕಿಕೊಳ್ಳಬೇಡಿ.

ನಿಮ್ಮ ಮಗನಿಗೂ ಆಗಿರುವುದು ಇದೇ. 2001ರಲ್ಲಿ ನ್ಯೂಯಾರ್ಕಿನ ಅವಳಿ ಕಟ್ಟಡಗಳು ಬಿದ್ದಾಗ ಟಿವಿಯಲ್ಲಿ ಆ ದೃಶ್ಯ ಮತ್ತೆ ಮತ್ತೆ ಬರುತ್ತಿತ್ತು, ಪ್ರತಿ ಸಲವೂ ಹೊಸ ವಿಮಾನ ಬಂದು ಬಡಿಯುತ್ತಿದೆ ಅಂತ ಸಣ್ಣ ಮಕ್ಕಳು ತಿಳಿದಿದ್ದರಂತೆ. ನಿಮ್ಮ ಮಗನ ಲೆಕ್ಕದಲ್ಲಿ ಆ ಕೊಲೆಗಾರ ಇನ್ನೂ ಓಡಾಡುತ್ತಲೇ ಇದ್ದಾನೆ. ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅದು ದೂರದ ಊರಿನಲ್ಲಿ ಒಂದೇ ಸಲ ಆಗಿದ್ದು, ಆ ಮನುಷ್ಯನನ್ನು ಪೊಲೀಸರು ಹಿಡಿದಿದ್ದಾರೆ, ಅವನು ಇಲ್ಲಿಗೆ ಬರುವುದಿಲ್ಲ ಅಂತ ಬಿಡಿಸಿ ಹೇಳಿ. ಸ್ವಲ್ಪ ದಿನ ಬಾತ್‌ರೂಮಿನ ಬಾಗಿಲ ಹತ್ತಿರ ನಿಂತುಕೊಳ್ಳಿ, ತಪ್ಪೇನಿಲ್ಲ. ಅವನ ಮುಂದೆ ಮಾತ್ರ ಆ ಸುದ್ದಿ ಬೇಡ.

ಇಂಥದ್ದು ಈಗ ಎಲ್ಲೆಲ್ಲೂ ಆಗುತ್ತಿದೆ, ಕಾಲ ಕೆಟ್ಟುಹೋಯಿತು ಅಂತ ಬರುವವರೆಲ್ಲಾ ಹೇಳುತ್ತಾರೆ. ಅಂಕಿ ಅಂಶ ನೋಡಿದರೆ ಅದು ಅಷ್ಟು ಸರಿಯಲ್ಲ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಪ್ರಕಾರ 2022ರಲ್ಲಿ ದೇಶದಲ್ಲಿ ದಾಖಲಾದ ಕೊಲೆ ಪ್ರಕರಣ 28,522. ಜನಸಂಖ್ಯೆಗೆ ಹೋಲಿಸಿದರೆ ಇದು 1990ರ ದಶಕದ ಶುರುವಿನಲ್ಲಿ ಇದ್ದಿದ್ದರ ಅರ್ಧಕ್ಕಿಂತ ಕಡಿಮೆ. ಆಗ ಬೇರೆ ಜಿಲ್ಲೆಯ ಕೊಲೆ ನಮಗೆ ಗೊತ್ತೇ ಆಗುತ್ತಿರಲಿಲ್ಲ, ಗೊತ್ತಾದರೂ ಪೇಪರ್‌ನ ಒಳಪುಟದಲ್ಲಿ ನಾಲ್ಕು ಸಾಲು. ಈಗ ಅದು ನಮ್ಮ ಅಡುಗೆಮನೆಗೇ ಬಂದು ಕೂತಿದೆ. ಅದೇ 2022ರಲ್ಲಿ ರಸ್ತೆ ಅಪಘಾತದಲ್ಲಿ ಸತ್ತವರು 1,68,491 ಜನ. ಒಂದು ಕೊಲೆಗೆ ಹೆಚ್ಚು ಕಡಿಮೆ ಆರು ರಸ್ತೆ ಸಾವು. ದಾವಣಗೆರೆ, ಚಿತ್ರದುರ್ಗ, ಹಿರಿಯೂರು ದಾಟಿ ಹೋಗುವ ನಮ್ಮ ಹೆದ್ದಾರಿ ಪಕ್ಕದಲ್ಲಿ ಬದುಕುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಿಮ್ಮ ಮಗಳು ಟ್ಯೂಷನ್‌ಗೆ ಹೋಗುವಾಗ ಗಾಡಿಯಲ್ಲಿ ಹೋಗುತ್ತಿದ್ದಳಾ, ಹೆಲ್ಮೆಟ್ ಹಾಕುತ್ತಿದ್ದಳಾ ಅಂತ ನನಗೆ ಕೇಳಬೇಕು ಅನ್ನಿಸಿತು. ಲೆಕ್ಕ ಕೊಟ್ಟು ಹೆತ್ತವರನ್ನು ಸಮಾಧಾನ ಮಾಡಲು ಆಗುವುದಿಲ್ಲ, ಅದು ನನಗೂ ಗೊತ್ತು. ಮಗಳನ್ನು ಕಳೆದುಕೊಂಡ ಮನೆಗೆ ಆ ಒಂದೇ ಸಾವು ಇಡೀ ಲೋಕ. ನಾನು ಹೇಳುತ್ತಿರುವುದು ನಿಮ್ಮ ದಿಗಿಲಿಗೆ ಮಾತ್ರ: ಕಣ್ಣಿಗೆ ಕಟ್ಟಿದ ಹಾಗೆ ನೆನಪಿಗೆ ಬರುವುದೇ ಜಾಸ್ತಿ ನಡೆಯುತ್ತದೆ ಅಂತ ಮನಸ್ಸು ನಂಬಿಬಿಡುತ್ತದೆ.

ಈಗ ಮಗಳ ವಿಷಯ. ಇಲ್ಲಿ ನಿಮ್ಮ ಮೇಲೆ ನನಗೆ ಸ್ವಲ್ಪ ಬೇಜಾರಿದೆ, ಸಿಟ್ಟಾಗಬೇಡಿ.

ಕೆಲವು ವರ್ಷದ ಹಿಂದೆ ಹೊಳಲ್ಕೆರೆ ಕಡೆಯ ಒಬ್ಬ ವಿದ್ಯಾರ್ಥಿನಿಯನ್ನು ಅವರ ತಂದೆ ನನ್ನ ಹತ್ತಿರ ಕರೆತಂದರು. ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ. ತಿಂಗಳುಗಟ್ಟಲೆ ಹೊಟ್ಟೆನೋವು, ಸ್ಕ್ಯಾನ್, ರಕ್ತಪರೀಕ್ಷೆ ಎಲ್ಲಾ ಆಗಿತ್ತು, ಏನೂ ಸಿಕ್ಕಿರಲಿಲ್ಲ. ತಂದೆಯನ್ನು ಹೊರಗೆ ಕೂರಿಸಿ ಮಾತಾಡಿಸಿದೆ. ಅವಳು ಬರುವ ಬಸ್ಸಿನಲ್ಲಿ ಒಬ್ಬ ಹುಡುಗ ನಾಲ್ಕು ತಿಂಗಳಿಂದ ಹಿಂದೆ ಬಿದ್ದಿದ್ದ. ಸ್ಟಾಪಿನಲ್ಲಿ ಕಾಯುವುದು, ಫೋನ್ ನಂಬರ್ ಹುಡುಕಿ ರಾತ್ರಿ ಮೆಸೇಜ್ ಮಾಡುವುದು, ಒಪ್ಪದಿದ್ದರೆ ನೋಡು ಅನ್ನುವುದು. "ಮನೆಯಲ್ಲಿ ಯಾಕಮ್ಮ ಹೇಳಲಿಲ್ಲ" ಅಂದೆ. "ಹೇಳಿದರೆ ಕಾಲೇಜು ಬಿಡಿಸ್ತಾರೆ ಮೇಡಂ" ಅಂದಳು. ಆ ತಿಂಗಳಲ್ಲೇ ಟಿವಿಯಲ್ಲಿ ಇಂಥದ್ದೇ ಒಂದು ಕೊಲೆ ಸುದ್ದಿ ಬಂದಿತ್ತು. ಅದನ್ನು ನೋಡುತ್ತಾ ಅವರ ತಂದೆ, "ಇದಕ್ಕೇ ಹೆಣ್ಣುಮಕ್ಕಳನ್ನ ಜಾಸ್ತಿ ಓದಿಸಬಾರದು" ಅಂತ ಒಂದು ಮಾತು ಆಡಿದ್ದರು. ಸುಮ್ನೆ ಬಾಯಿಗೆ ಬಂದ ಮಾತು. ಅವರಿಗೆ ನೆನಪೂ ಇರಲಿಲ್ಲ. ಆ ಮಗು ಮಾತ್ರ ಅವತ್ತೇ ಬಾಯಿ ಹೊಲಿದುಕೊಂಡಿತ್ತು.

ಈ ಕಥೆ ಯಾಕೆ ಹೇಳಿದೆ ಅಂದರೆ, ಟ್ಯೂಷನ್ ಬಿಡಿಸಿದ್ದರಿಂದ ನಿಮ್ಮ ಮಗಳಿಗೆ ಒಂದು ಸಂದೇಶ ಹೋಗಿದೆ. ಯಾರೋ ದೂರದ ಊರಿನ ಹುಡುಗ ಮಾಡಿದ ತಪ್ಪಿಗೆ ಈ ಮನೆಯಲ್ಲಿ ಶಿಕ್ಷೆ ನನಗೆ. ನಾಳೆ ನಿಜವಾಗಿ ಯಾರಾದರೂ ಅವಳ ಹಿಂದೆ ಬಿದ್ದರೆ ಅವಳು ಮೊದಲು ಯೋಚಿಸುವುದು ಏನು ಅಂತೀರಿ? ಟ್ಯೂಷನ್ ಹೋಯಿತು, ಈಗ ಕಾಲೇಜೂ ಹೋಗುತ್ತದೆ ಅಂತ. ಆಗ ಅವಳು ನಿಮಗೆ ಹೇಳುವುದಿಲ್ಲ. ನೀವು ಮೂರು ವಾರದಿಂದ ನೋಡಿದ ಸುದ್ದಿಯಲ್ಲೂ ಕೊಂದವನು ಪರಿಚಯದವನೇ ಅಲ್ವಾ? ನಮ್ಮ ದೇಶದಲ್ಲಿ ದಾಖಲಾಗುವ ಅತ್ಯಾಚಾರ ಪ್ರಕರಣಗಳಲ್ಲೂ ಆರೋಪಿ ಗೊತ್ತಿರುವವನೇ ಆಗಿರುವುದು 100ಕ್ಕೆ 90ಕ್ಕೂ ಜಾಸ್ತಿ. ಕತ್ತಲಲ್ಲಿ ನಿಂತ ಅಪರಿಚಿತನಿಗೆ ಹೆದರಿ ನಾವು ಬಾಗಿಲು ಹಾಕುತ್ತೇವೆ, ಅಪಾಯ ಜಾಸ್ತಿ ಬರುವುದು ಹೆಸರು ಗೊತ್ತಿರುವವರ ಕಡೆಯಿಂದ. ಅದನ್ನು ತಡೆಯಲು ಬಾಗಿಲಿಗಿಂತ ಮಗಳ ಬಾಯಿ ತೆರೆದಿರಬೇಕು.

ಹಾಗಾಗಿ ಅವಳ ಹತ್ತಿರ ಹೋಗಿ ಮೊದಲು ತಪ್ಪು ಒಪ್ಪಿಕೊಳ್ಳಿ. "ನನಗೆ ಭಯ ಆಯ್ತು, ಅದಕ್ಕೆ ನಿನ್ನ ಟ್ಯೂಷನ್ ಬಿಡಿಸಿದೆ, ಅದು ಸರಿ ಇರಲಿಲ್ಲ" ಅಂತ ಇಷ್ಟೇ ಹೇಳಿ. ಅವಳು ತಕ್ಷಣ ಮಾತಾಡದಿದ್ದರೂ ಪರವಾಗಿಲ್ಲ. ಆಮೇಲೆ ಇನ್ನೊಂದು ಮಾತು, ಇದು ಮುಖ್ಯ: "ಯಾರಾದರೂ ನಿನಗೆ ತೊಂದರೆ ಕೊಟ್ಟರೆ ನನಗೆ ಹೇಳು, ನಿನ್ನ ಓದು ನಿಲ್ಲಿಸಲ್ಲ, ನಿನ್ನ ಫೋನ್ ಕಿತ್ತುಕೊಳ್ಳಲ್ಲ, ನೀನೇನು ಮಾಡಿದೆ ಅಂತ ಮೊದಲು ಕೇಳಲ್ಲ." ಈ ಮೂರು ಮಾತನ್ನು ಕೊಟ್ಟ ಮೇಲೆ ಉಳಿಸಿಕೊಳ್ಳಲೇಬೇಕು. ಅವಳು ಯಾರನ್ನೋ ಇಷ್ಟಪಟ್ಟಿದ್ದಳು, ಈಗ ಬೇಡ ಅಂದಿದ್ದಾಳೆ ಅಂತ ಗೊತ್ತಾದರೂ ಉಳಿಸಿಕೊಳ್ಳಬೇಕು. ಬಹಳ ಮನೆಗಳಲ್ಲಿ ಮಾತು ಮುರಿಯುವುದು ಅಲ್ಲೇ.

ಹಿಂಬಾಲಿಸುವುದು, ಬೇಡ ಅಂದರೂ ಮತ್ತೆ ಮತ್ತೆ ಸಂಪರ್ಕಿಸುವುದು 2013ರಿಂದ ನಮ್ಮ ಕಾನೂನಿನಲ್ಲಿ ಪ್ರತ್ಯೇಕ ಅಪರಾಧ. ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲಿ 78ನೇ ಕಲಂ. ಮೊದಲ ಸಲಕ್ಕೆ ಮೂರು ವರ್ಷದವರೆಗೆ ಜೈಲು, ಎರಡನೇ ಸಲಕ್ಕೆ ಐದು ವರ್ಷದವರೆಗೆ. ಮೆಸೇಜ್‌ಗಳನ್ನು ಅಳಿಸದೆ ಇಟ್ಟುಕೊಳ್ಳಬೇಕು, ದೂರು ಕೊಡಬೇಕು. ತುರ್ತಿಗೆ 112, ಮಹಿಳಾ ಸಹಾಯವಾಣಿ 181. ಆ ಹೊಳಲ್ಕೆರೆ ಹುಡುಗಿಯ ತಂದೆ ಸೋದರಮಾವನನ್ನು ಕರೆದುಕೊಂಡು ಠಾಣೆಗೆ ಹೋದರು. ಹೊಡೆಯಲು ಹೋಗಬೇಡಿ ಅಂತ ನಾನು ಕೈಮುಗಿದು ಕೇಳಿಕೊಂಡಿದ್ದೆ, ಅವರು ಹೋಗಲಿಲ್ಲ. ಪೊಲೀಸರು ಹುಡುಗನನ್ನೂ ಅವನ ಅಪ್ಪ ಅಮ್ಮನನ್ನೂ ಕರೆಸಿ ಹೇಳಿಕೆ ಬರೆಸಿಕೊಂಡರು, ಕಾಟ ನಿಂತಿತು. ಹೊಟ್ಟೆನೋವೂ ನಿಂತಿತು. ಎಲ್ಲಾ ಕಡೆ ಇಷ್ಟು ಸಲೀಸಾಗಿ ಮುಗಿಯುತ್ತದೆ ಅಂತ ನಾನು ಹೇಳುವುದಿಲ್ಲ. ಆದರೆ ಹೇಳಿಕೊಂಡಿದ್ದಕ್ಕೇ ಅದು ಶುರುವಾಯಿತು.

ನಿಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಇಷ್ಟು ಹೊತ್ತಿಗೆ "ಆ ಹುಡುಗಿಯೂ ಏನೋ ಮಾಡಿರಬೇಕು" ಅನ್ನುವ ಮಾತು ಬಂದಿರುತ್ತದೆ ಅಂತ ನನ್ನ ಅಂದಾಜು. ಯಾವತ್ತೂ ಬರುತ್ತದೆ. ಒಳ್ಳೆಯವರೇ ಹೇಳುತ್ತಾರೆ, ಕೆಟ್ಟತನದಿಂದಲ್ಲ, ಹೆದರಿಕೆಯಿಂದ. 1966ರಲ್ಲಿ ಪ್ರಕಟವಾದ ಒಂದು ಹೆಸರಾಂತ ಪ್ರಯೋಗ ಇದೆ. ಒಬ್ಬ ಹೆಂಗಸಿಗೆ ಕರೆಂಟ್ ಶಾಕ್ ಕೊಡುತ್ತಿರುವ ಹಾಗೆ ನಟಿಸಿ, ಅದನ್ನು ಕೆಲವರಿಗೆ ತೋರಿಸಿದರು. ಅದನ್ನು ನಿಲ್ಲಿಸುವ ದಾರಿ ಇಲ್ಲದೆ ಬರೀ ನೋಡುತ್ತಾ ಕೂತವರು ಸ್ವಲ್ಪ ಹೊತ್ತಿಗೆ ಅವಳ ಬಗ್ಗೆಯೇ ಕೀಳಾಗಿ ಮಾತಾಡಲು ಶುರು ಮಾಡಿದರು. ತಪ್ಪು ಮಾಡದವರಿಗೆ ಹೀಗೆ ಆಗುತ್ತದೆ ಅಂತ ಒಪ್ಪಿಕೊಂಡರೆ ನಮಗೂ ಆಗಬಹುದು ಅಂತ ಒಪ್ಪಬೇಕಾಗುತ್ತದೆ. ಅದು ಕಷ್ಟ. ಅದಕ್ಕೇ ಅವಳ ಬಟ್ಟೆ, ಅವಳ ಫೋನ್, ಅವಳ ಗೆಳೆಯರು. ಬರೀ ನೋಡುತ್ತಾ ಕೂತರೆ ಮನಸ್ಸು ಎಲ್ಲಿಗೆ ಹೋಗಿ ನಿಲ್ಲುತ್ತದೆ ನೋಡಿ, ಅಯ್ಯೋ ಪಾಪ ಅಂತ ಶುರುವಾಗಿದ್ದು ಅವಳದೇ ತಪ್ಪು ಅನ್ನುವಲ್ಲಿಗೆ. ಆ ಮಾತು ಗ್ರೂಪಿನಲ್ಲಿ ಬಂದರೆ ಬೇಡ ಅನ್ನಿ, ಒಂದು ಸಾಲು ಸಾಕು. ಮನೆಯಲ್ಲಿ ಬಂದರಂತೂ ಖಂಡಿತ ಹೇಳಿ, ಯಾಕೆಂದರೆ ಒಳಕೋಣೆಯಲ್ಲಿ ಪುಸ್ತಕ ಹಿಡಿದು ಕೂತವಳು ಕೇಳಿಸಿಕೊಳ್ಳುತ್ತಿರುತ್ತಾಳೆ.

ವಿಡಿಯೋ ಇನ್ನೂ ಫೋನಿನಲ್ಲಿದ್ದರೆ ಈಗಲೇ ಅಳಿಸಿ. ಯಾರಿಗೂ ಕಳಿಸಬೇಡಿ, ಎಚ್ಚರಿಕೆಗೆ ಅಂತಲೂ ಬೇಡ. ಲೈಂಗಿಕ ದೌರ್ಜನ್ಯದ ಪ್ರಕರಣವಾದರೆ ನೊಂದವಳ ಹೆಸರು, ಫೋಟೋ, ಗುರುತು ಹಂಚುವುದು ಎರಡು ವರ್ಷದವರೆಗೆ ಜೈಲಾಗುವ ಅಪರಾಧ. ಅವಳು ತೀರಿಕೊಂಡಿದ್ದರೂ ಹೆಸರು ಬಯಲು ಮಾಡಬಾರದು ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಹೆದರಿಕೆಯ ಮೆಸೇಜ್ ಸುಮ್ನೆ ಹೋಗಿ ನಿಲ್ಲುವುದೂ ಇಲ್ಲ. ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನುವ ವಾಟ್ಸಾಪ್ ಸುದ್ದಿ ನಂಬಿ 2018ರ ಜುಲೈನಲ್ಲಿ ನಮ್ಮದೇ ಬೀದರ್ ಜಿಲ್ಲೆಯಲ್ಲಿ ಜನ ಸೇರಿ ಏನೂ ತಪ್ಪು ಮಾಡದ ಒಬ್ಬ ಯುವಕನನ್ನು ಹೊಡೆದು ಕೊಂದರು. ಫಾರ್ವರ್ಡ್ ಮಾಡಿದವರೆಲ್ಲಾ ಮಕ್ಕಳ ಮೇಲಿನ ಕಾಳಜಿಗೇ ಮಾಡಿದ್ದು.

ಹಾಗಾದರೆ ಸಿಟ್ಟು ಬರಲೇಬಾರದಾ? ಬರಬೇಕು. 2012ರ ಡಿಸೆಂಬರ್‌ನಲ್ಲಿ ದೆಹಲಿಯ ಬಸ್ಸಿನಲ್ಲಿ ನಡೆದಿದ್ದನ್ನು ನಾನೂ ಒಂದೊಂದು ವಿವರ ಬಿಡದೆ ಓದಿದೆ. ಓದಬಾರದ್ದನ್ನೂ ಓದಿದೆ. ಆಮೇಲೆ ತಿಂಗಳುಗಟ್ಟಲೆ ಬೆಂಗಳೂರಿನಿಂದ ರಾತ್ರಿ ಬಸ್ಸಿಗೆ ಹತ್ತಲು ಕಾಲು ಏಳುತ್ತಿರಲಿಲ್ಲ, ಹತ್ತಿದರೂ ಡ್ರೈವರ್ ಮುಖವನ್ನೇ ನೋಡುತ್ತಾ ತುಮಕೂರು, ಸಿರಾ, ಹಿರಿಯೂರು ಅಂತ ಎಣಿಸುತ್ತಾ ಬರುತ್ತಿದ್ದೆ. ನನ್ನ ಆ ಹೆದರಿಕೆಯಿಂದ ಯಾರಿಗೂ ಏನೂ ಆಗಲಿಲ್ಲ. ಆದರೆ ಅದೇ ಸಮಯದಲ್ಲಿ ನ್ಯಾಯಮೂರ್ತಿ ಜೆ. ಎಸ್. ವರ್ಮಾ ಸಮಿತಿ ಜನರ ಅಭಿಪ್ರಾಯ ಕೇಳಿತು, ಸುಮಾರು 80,000 ಸಲಹೆಗಳು ಹೋದವು. ಸಮಿತಿ 2013ರ ಜನವರಿಯಲ್ಲೇ ವರದಿ ಕೊಟ್ಟಿತು. ಈಗ ಹೇಳಿದೆನಲ್ಲ, ಹಿಂಬಾಲಿಸುವುದರ ಮೇಲಿನ ಕಾನೂನು, ಅದು ಬಂದಿದ್ದು ಆ ವರ್ಷದ ತಿದ್ದುಪಡಿಯಲ್ಲಿ. ಅತ್ಯಾಚಾರ, ಆಸಿಡ್ ದಾಳಿಗೆ ಒಳಗಾದವರಿಗೆ ಖಾಸಗಿ ಆಸ್ಪತ್ರೆಯೂ ಕೂಡಲೇ ಉಚಿತವಾಗಿ ಚಿಕಿತ್ಸೆ ಕೊಡಬೇಕು ಅನ್ನುವುದೂ ಆಗಲೇ ಬಂತು. ಒಂದು ಕಾಗದ ಬರೆದವರ ಸಿಟ್ಟು ಎಲ್ಲಿಗೋ ಮುಟ್ಟಿತು. ನಿಮ್ಮ ಸಿಟ್ಟಿಗೂ ಕೆಲಸ ಇದೆ, ಇಲ್ಲೇ ನಿಟ್ಟುವಳ್ಳಿಯಲ್ಲೇ ಇದೆ. ಮಗಳು ಟ್ಯೂಷನ್‌ನಿಂದ ಬರುವ ದಾರಿಯಲ್ಲಿ ಒಂದು ಸಂಜೆ ಏಳು ಗಂಟೆಗೆ ಅವಳ ಜೊತೆ ನೀವೇ ನಡೆದು ಬನ್ನಿ. ಯಾವ ಕಂಬದ ಲೈಟು ಹತ್ತುತ್ತಿಲ್ಲ, ಎಲ್ಲಿ ಹುಡುಗರು ಬೈಕ್ ನಿಲ್ಲಿಸಿ ಕೂರುತ್ತಾರೆ, ಎಲ್ಲಿ ಅಂಗಡಿ ಬೇಗ ಮುಚ್ಚುತ್ತದೆ, ಅವಳಿಗೆ ಎಲ್ಲಾ ಗೊತ್ತಿರುತ್ತದೆ, ಕೇಳಿ. ಓಣಿಯ ಆ ಹೆಂಗಸರ ಗ್ರೂಪ್ ಇದೆಯಲ್ಲ, ಅದರಲ್ಲಿ ಹತ್ತು ಜನ ಸಹಿ ಹಾಕಿ ಪಾಲಿಕೆಗೆ ಒಂದು ಅರ್ಜಿ ಕೊಡಿ. ಯಾರ ಮಗಳು ಯಾವ ಹೊತ್ತಿಗೆ ಬರುತ್ತಾಳೆ ಅಂತ ಪರಸ್ಪರ ಗೊತ್ತಿದ್ದರೆ ಎರಡು ಮೂರು ಹುಡುಗಿಯರು ಒಟ್ಟಿಗೆ ಬರಬಹುದು.

ಸುದ್ದಿ ಪೂರ್ತಿ ಬಿಡಿ ಅಂತ ಹೇಳುವುದಿಲ್ಲ. ಬೆಳಿಗ್ಗೆ ಪೇಪರ್ ಓದಿ, ಓದುವಾಗ ನಿಮಗೆ ಬೇಡದ್ದನ್ನು ದಾಟಿ ಹೋಗಬಹುದು, ಪೇಪರ್ ಒಂದು ಹೊತ್ತಿಗೆ ಮುಗಿದೂ ಹೋಗುತ್ತದೆ. ಟಿವಿ ಮುಗಿಯುವುದೇ ಇಲ್ಲ. ಕೇಸ್ ಏನಾಯಿತು ಅಂತ ತಿಳಿಯಬೇಕು ಅನ್ನಿಸಿದರೆ ತಿಂಗಳಿಗೊಮ್ಮೆ ಹುಡುಕಿ ನೋಡಿ. ನಿಜ ಹೇಳಬೇಕೆಂದರೆ, ಈ ಸುದ್ದಿ ಚಾನೆಲ್‌ನಿಂದ ಮಾಯವಾದ ಮೇಲೆ, ಆರೋಪಪಟ್ಟಿ, ಸಾಕ್ಷಿ, ವಾಯಿದೆ ಅಂತ ಆ ತಾಯಿ ವರ್ಷಗಟ್ಟಲೆ ಕೋರ್ಟ್ ಮೆಟ್ಟಿಲು ಹತ್ತುವಾಗ ನೆನಪಿಟ್ಟುಕೊಳ್ಳುವವರು ಬಹಳ ಕಡಿಮೆ. ರಾತ್ರಿ ಫೋನನ್ನು ಮಲಗುವ ಕೋಣೆಯ ಹೊರಗೆ ಚಾರ್ಜಿಗೆ ಹಾಕಿ. ಆ ಚಿತ್ರ ಕಣ್ಣ ಮುಂದೆ ಬಂದರೆ ಅದರ ಜೊತೆ ಗುದ್ದಾಡಬೇಡಿ, ಎದ್ದು ಕೂತು ತಣ್ಣೀರು ಕುಡಿದು, ಕೋಣೆಯಲ್ಲಿ ಏನೇನಿದೆ ಅಂತ ಒಂದೊಂದಾಗಿ ನೋಡಿ, ನಾನು ನನ್ನ ಮನೆಯಲ್ಲಿದ್ದೇನೆ ಅಂತ ಬಾಯಿಬಿಟ್ಟು ಹೇಳಿಕೊಳ್ಳಿ.

ಇನ್ನೊಂದು ಮಾತು ಮೆಲ್ಲಗೆ ಕೇಳುತ್ತೇನೆ, ಉತ್ತರ ನನಗೆ ಬರೆಯಬೇಕಿಲ್ಲ. ಕೆಲವರಿಗೆ ಇಂಥ ಸುದ್ದಿ ಬಿಡದೆ ಕಾಡುವುದು, ಅವರ ಬದುಕಿನಲ್ಲೇ ಎಂದೋ ಆಗಿದ್ದ, ಯಾರಿಗೂ ಹೇಳದೆ ಮುಚ್ಚಿಟ್ಟ ಒಂದು ನೋವನ್ನು ಅದು ಎಬ್ಬಿಸುವುದರಿಂದ. ನಿಮಗೆ ಹಾಗಿದ್ದರೆ ಅಥವಾ ವಿಡಿಯೋ, ಟಿವಿ ಎರಡೂ ಬಿಟ್ಟು ಎರಡು ವಾರ ಆದ ಮೇಲೂ ನಿದ್ದೆ, ಊಟ ಸರಿಹೋಗದಿದ್ದರೆ ತಡಮಾಡಬೇಡಿ. 14416 ಟೆಲಿ ಮಾನಸ್ ಸಹಾಯವಾಣಿ, 2022ರಿಂದ ಇದೆ, ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಚಿಗಟೇರಿ ಜಿಲ್ಲಾಸ್ಪತ್ರೆಯಲ್ಲಿ ಮನೋರೋಗ ವಿಭಾಗ ಇದೆ. ಆ ಬೋರ್ಡ್ ನೋಡಿ ಹಿಂಜರಿಯಬೇಡಿ, ನಿದ್ದೆ ಬರುವುದಿಲ್ಲ ಅಂತ ಅಲ್ಲಿಗೆ ಬರುವವರೇ ಬಹಳ ಜನ.

ಮತ್ತೆ ಆ ಟ್ಯೂಷನ್. ನಾಳೆಯೇ ಮೇಷ್ಟ್ರಿಗೆ ಫೋನ್ ಮಾಡಿ, ತಪ್ಪಿಹೋದ ಪಾಠ ಎಷ್ಟಿದೆ, ನೋಟ್ಸ್ ಯಾರ ಹತ್ತಿರ ಸಿಗುತ್ತದೆ ಅಂತ ಕೇಳಿ. ಸೆಕೆಂಡ್ ಪಿಯುಸಿಯಲ್ಲಿ ಮೂರು ವಾರ ಅಂದರೆ ಕಡಿಮೆಯಲ್ಲ.